ಅಪಾಯಕಾರಿ ಟಪಾಲಿನ ಪತ್ತೆ ಮತ್ತು ಮುದ್ರಣ ಯಂತ್ರಗಳ ನಿಗಾ: ಮುಂಬಯಿಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಫೋರ್ಟ್, ನರಿಮನ್ ಪಾಯಿಂಟ್, ಅಂಧೇರಿಯ ಕಚೇರಿಗಳಲ್ಲಿ ಟಪಾಲು ವಿಭಾಗ ನೋಡಿಕೊಳ್ಳುವ, ಝೆರಾಕ್ಸ್ ಅಂಗಡಿ ನಡೆಸುವ, ಛಾಪಖಾನೆಯಲ್ಲಿ ದುಡಿಯುವ, ಸೊಸೈಟಿಯ ಗೇಟಿನಲ್ಲಿ ಪಾರ್ಸೆಲ್ ಪಡೆದುಕೊಳ್ಳುವ ಕನ್ನಡಿಗರು ಈ ನಗರದಲ್ಲಿ ಬಹಳ ಮಂದಿ. ಅನೇಕ ಕಚೇರಿಗಳಲ್ಲಿ ಟಪಾಲು ಮತ್ತು ಪ್ರಿಂಟರ್ ಎರಡೂ ಒಂದೇ ಕೋಣೆಯಲ್ಲಿ, ಒಬ್ಬರೇ ನೌಕರರ ಹೊಣೆಯಲ್ಲಿ ಇರುತ್ತವೆ. ನಾನು ಅಂಥ ಕೋಣೆಯಲ್ಲಿ ಕೆಲಸ ಮಾಡಿದವನು. ಹೊಸದಾಗಿ ಸೇರುವ ನಮ್ಮವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಇವನ್ನು ಮೇಲಧಿಕಾರಿಗಳೂ ಓದಲಿ ಎಂಬುದು ನನ್ನ ಆಸೆ. ಯಾಕೆಂದರೆ ಅಪಾಯ ಮೊದಲು ತಟ್ಟುವುದು ಲಕೋಟೆಯ ಮೇಲಿನ ಹೆಸರಿನವರಿಗಲ್ಲ, ಅದನ್ನು ಕೈಯಲ್ಲಿ ಹಿಡಿದವರಿಗೆ.

ಅಪಾಯಕಾರಿ ಟಪಾಲು ಎಂದರೆ ಬಾಂಬ್ ಮಾತ್ರವೇ?

ಅಲ್ಲ. ದಿನನಿತ್ಯ ಎದುರಾಗುವ ಅಪಾಯ ಬಹಳ ಸಾಮಾನ್ಯವಾದದ್ದು: ಊದಿಕೊಂಡ ಪವರ್ ಬ್ಯಾಂಕ್, ಹಾಳಾದ ಲಿಥಿಯಂ ಬ್ಯಾಟರಿ, ದೀಪಾವಳಿಯ ಮುನ್ನ ಬಟ್ಟೆಯ ನಡುವೆ ಅಡಗಿಸಿ ಕಳುಹಿಸಿದ ಪಟಾಕಿ, ಸೋರುವ ಆಸಿಡ್ ಬಾಟಲಿ. ಇವನ್ನು ಕಳುಹಿಸುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ನಿಯಮ ಗೊತ್ತಿರುವುದಿಲ್ಲ. ಸ್ಫೋಟಕ, ಬೇಗ ಬೆಂಕಿ ಹತ್ತುವ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ ಎಂಬ ನಿಷೇಧ 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ ಕಾಲದಿಂದಲೂ ಇದೆ. ಆ ಕಾಯ್ದೆಯ ಜಾಗಕ್ಕೆ ಈಗ 2023ರ ಹೊಸ ಕಾಯ್ದೆ ಬಂದಿದ್ದು, 2024ರ ಜೂನ್‌ನಿಂದ ಜಾರಿಯಲ್ಲಿದೆ.

ಬೇಕೆಂದೇ ಕಳುಹಿಸುವ ಅಪಾಯಗಳು ಮೂರು ಬಗೆ: ಸ್ಫೋಟಕ, ರೋಗಾಣು, ವಿಷ. ಈ ಮೂರನ್ನೂ ಒಂದೇ ಯಂತ್ರ ಹಿಡಿಯಲಾರದು. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತನ್ನು ಅವಲಂಬಿಸಿವೆ.

ಟಪಾಲು ಪರೀಕ್ಷಿಸುವ ಆವಿಷ್ಕಾರಗಳಿಗೆ 2001ರ ನಂತರವೇ ಏಕೆ ವೇಗ ಬಂತು?

ಆ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಅಮೆರಿಕದ ಸುದ್ದಿ ಸಂಸ್ಥೆಗಳಿಗೂ ಇಬ್ಬರು ಸೆನೆಟ್ ಸದಸ್ಯರಿಗೂ ಆಂಥ್ರಾಕ್ಸ್ ಪುಡಿ ತುಂಬಿದ ಪತ್ರಗಳು ಬಂದವು. ನಮ್ಮ ಹಳ್ಳಿಗಳಲ್ಲಿ ದನಕರುಗಳಿಗೆ ಬರುವ ನೆರಡಿ ರೋಗದ ರೋಗಾಣುವೇ ಅದು. ಒಟ್ಟು 22 ಮಂದಿಗೆ ಸೋಂಕು ತಗಲಿತು, 5 ಮಂದಿ ಸತ್ತರು.

ಇದರಲ್ಲಿ ನಾವು ಮರೆಯಬಾರದ ಭಾಗ ವಾಷಿಂಗ್ಟನ್‌ನ ಬ್ರೆಂಟ್‌ವುಡ್ ಅಂಚೆ ವಿಂಗಡಣಾ ಕೇಂದ್ರದ್ದು. ಸೆನೆಟರ್ ಟಾಮ್ ಡ್ಯಾಶಲ್ ಅವರ ಕಚೇರಿಯಲ್ಲಿ ಅಕ್ಟೋಬರ್ 15ರಂದು ಪತ್ರ ತೆರೆದಾಗ ಪುಡಿ ಚೆಲ್ಲಿತು. ಅಲ್ಲಿದ್ದ ಸಿಬ್ಬಂದಿಗೆ ಕೂಡಲೇ ತಪಾಸಣೆಯಾಯಿತು, ಔಷಧ ಸಿಕ್ಕಿತು. ಅದೇ ಪತ್ರ ಹಾದುಬಂದಿದ್ದ ಬ್ರೆಂಟ್‌ವುಡ್ ಕೇಂದ್ರ ಮಾತ್ರ ಅಕ್ಟೋಬರ್ 21ರವರೆಗೆ ತೆರೆದೇ ಇತ್ತು. ಅಂಟು ಹಾಕಿ ಮುಚ್ಚಿದ ಲಕೋಟೆಯಿಂದ ಪುಡಿ ಹೊರಬರುವುದಿಲ್ಲ ಎಂದು ಅಧಿಕಾರಿಗಳು ನಂಬಿದ್ದರು. ಅಲ್ಲಿನ ಇಬ್ಬರು ಅಂಚೆ ನೌಕರರು, ಥಾಮಸ್ ಮಾರಿಸ್ ಮತ್ತು ಜೋಸೆಫ್ ಕರ್ಸೀನ್, ಆ ನಂಬಿಕೆಗೆ ಬಲಿಯಾದರು. ಕಟ್ಟಡವನ್ನು ಕ್ಲೋರಿನ್ ಡೈಆಕ್ಸೈಡ್ ಅನಿಲದಿಂದ ಶುದ್ಧಗೊಳಿಸಿ ಮತ್ತೆ ತೆರೆದದ್ದು 2003ರ ಡಿಸೆಂಬರ್‌ನಲ್ಲಿ. ಈಗ ಅದಕ್ಕೆ ಆ ಇಬ್ಬರ ಹೆಸರನ್ನೇ ಇಟ್ಟಿದ್ದಾರೆ.

ಮುಚ್ಚಿದ ಲಕೋಟೆಯಿಂದ ಪುಡಿ ಬಂದದ್ದು ಹೇಗೆ? ವಿಂಗಡಣಾ ಯಂತ್ರದ ರೋಲರುಗಳು ಲಕೋಟೆಯನ್ನು ಗಟ್ಟಿಯಾಗಿ ಒತ್ತಿ ಎಳೆಯುತ್ತವೆ. ಒತ್ತಿದಾಗ ಒಳಗಿನ ಗಾಳಿ ಕಾಗದದ ಸೂಕ್ಷ್ಮ ರಂಧ್ರಗಳಿಂದಲೂ ಅಂಟಿನ ಸಂದುಗಳಿಂದಲೂ ಹೊರನುಗ್ಗುತ್ತದೆ. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ರೋಗಾಣು ಕಣಗಳಿಗೆ ಆ ರಂಧ್ರಗಳು ವಿಶಾಲವಾದ ದಾರಿ. ಸಾಲದ್ದಕ್ಕೆ ಯಂತ್ರದಲ್ಲಿ ಕೂತ ಕಾಗದದ ಧೂಳನ್ನು ಒತ್ತಡದ ಗಾಳಿ ಊದಿ ತೆಗೆಯುವ ಪದ್ಧತಿ ಅಲ್ಲಿತ್ತು. ನೆಲದ ಮೇಲೆ ಬೀಳಬೇಕಿದ್ದ ಕಣಗಳನ್ನು ಆ ಗಾಳಿ ಇಡೀ ಸಭಾಂಗಣಕ್ಕೆ ಹರಡಿತು.

ಮುಂಬಯಿ ಸೇರಿದಂತೆ ನಮ್ಮ ದೇಶದಲ್ಲೂ ಆಗ ಬಿಳಿ ಪುಡಿಯ ಪತ್ರಗಳ ಭೀತಿ ಹಬ್ಬಿತ್ತು.

ಆಮೇಲೆ ಬಂದ ಪತ್ತೆ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಅಮೆರಿಕದ ಅಂಚೆ ಇಲಾಖೆ ದೊಡ್ಡ ವಿಂಗಡಣಾ ಕೇಂದ್ರಗಳಲ್ಲಿ ಅಳವಡಿಸಿದ ಜೈವಿಕ ಅಪಾಯ ಪತ್ತೆ ವ್ಯವಸ್ಥೆಯ ಜಾಣತನ ಅದನ್ನು ಕೂರಿಸಿದ ಜಾಗದಲ್ಲಿದೆ. ಪೆಟ್ಟಿಗೆಯಿಂದ ಬಂದ ಪತ್ರಗಳು ಮೊದಲು ಹಾಯುವುದು ಅಂಚೆಚೀಟಿಗೆ ಮುದ್ರೆ ಒತ್ತುವ ಯಂತ್ರದಲ್ಲಿ. ಲಕೋಟೆ ಮೊದಲ ಬಾರಿ ಗಟ್ಟಿಯಾಗಿ ಅದುಮಲ್ಪಡುವುದೂ ಅಲ್ಲೇ. ಅದರ ಮೇಲೆಯೇ ಒಂದು ಹೀರುಗೊಳವೆ ಇಟ್ಟು, ಅಲ್ಲಿನ ಗಾಳಿಯನ್ನು ಎಳೆದು, ಅದರಲ್ಲಿನ ಕಣಗಳನ್ನು ದ್ರವದಲ್ಲಿ ಹಿಡಿದಿಡುತ್ತಾರೆ. ಆ ದ್ರವ ಒಂದು ಪುಟ್ಟ ಕಾರ್ಟ್ರಿಜ್ ಒಳಗೆ ಹೋಗಿ ಪಿಸಿಆರ್ ಪರೀಕ್ಷೆಗೆ ಒಳಗಾಗುತ್ತದೆ. ರೋಗಾಣುವಿನ ಡಿಎನ್‌ಎ ಇದ್ದರೆ ಎಚ್ಚರಿಕೆ ಮೊಳಗುತ್ತದೆ.

ಪಿಸಿಆರ್ ಎಂಬ ಹೆಸರು ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತ. ಇನ್ನೂ ಹತ್ತಿರದ ನಂಟೊಂದಿದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗ ಪತ್ತೆಗೆ ಬಳಸುವ ಸಿಬಿನ್ಯಾಟ್ ಪರೀಕ್ಷೆಯ ಯಂತ್ರ ಜೀನ್‌ಎಕ್ಸ್‌ಪರ್ಟ್. ಅಮೆರಿಕದ ಅಂಚೆ ಕೇಂದ್ರಗಳಿಗೆ ಪರೀಕ್ಷಾ ಕಾರ್ಟ್ರಿಜ್ ಒದಗಿಸಿದ ಸೆಫೀಡ್ ಕಂಪನಿಯೇ ಅದರ ತಯಾರಕ. ಪತ್ರದಲ್ಲಿನ ರೋಗಾಣು ಹುಡುಕಲು ಹದಗೊಳಿಸಿದ ತಂತ್ರಜ್ಞಾನ ಬಡವರ ಕಫದ ಪರೀಕ್ಷೆಗೂ ಒದಗಿತು ಎಂಬುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

ಈ ವ್ಯವಸ್ಥೆಯ ಮಿತಿಯೂ ತಿಳಿದಿರಲಿ. ಗಾಳಿ ಸಂಗ್ರಹಕ್ಕೂ ಪರೀಕ್ಷೆಗೂ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಆ ಯಂತ್ರದ ಬಳಿ ನಿಂತವರು ಅದೇ ಗಾಳಿಯನ್ನು ಉಸಿರಾಡಿರುತ್ತಾರೆ. ಹಾಗಾಗಿ ಅದು ಸೋಂಕು ತಡೆಯುವ ಸಾಧನವಲ್ಲ. ರೋಗಲಕ್ಷಣ ಕಾಣುವ ಮೊದಲೇ ಔಷಧ ಶುರುಮಾಡಲು ದಿನಗಳ ಅವಕಾಶ ಕೊಡುತ್ತದೆ. ಬ್ರೆಂಟ್‌ವುಡ್‌ನಲ್ಲಿ ಸಿಗದೆ ಹೋದದ್ದು ಆ ಅವಕಾಶವೇ.

ಮುಂಬಯಿಯ ಪ್ರಧಾನ ಅಂಚೆ ಕಚೇರಿಯಾದ ಜಿಪಿಒದಂಥ ಹಳೆಯ ಕಟ್ಟಡದಲ್ಲಿ ಗಾಳಿ ಪರೀಕ್ಷಿಸುವ ಯಂತ್ರ ಕೆಲಸ ಮಾಡೀತೇ?

ಜಾನ್ ಬೆಗ್ ವಿನ್ಯಾಸಗೊಳಿಸಿ 1913ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಗುಮ್ಮಟಕ್ಕೆ ನಮ್ಮ ವಿಜಯಪುರದ ಗೋಳಗುಮ್ಮಟವೇ ಮಾದರಿ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿಯುವ ಕನ್ನಡಿಗರು ಒಮ್ಮೆ ಒಳಗೆ ಹೋಗಿ ತಲೆಯೆತ್ತಿ ನೋಡಬೇಕು. ಅಷ್ಟು ಎತ್ತರದ ಸಭಾಂಗಣದಲ್ಲಿ ಗಾಳಿ ಮೇಲೇರಿ ಎಲ್ಲೆಡೆ ಬೆರೆಯುತ್ತದೆ, ಕಣಗಳು ತೆಳುವಾಗಿ ಹರಡಿಹೋಗುತ್ತವೆ. ಗೋಡೆಯ ಮೇಲೆ ಪತ್ತೆ ಯಂತ್ರ ತೂಗುಹಾಕಿದರೆ ಅದು ಏನನ್ನೂ ಕಾಣದು. ಲಕೋಟೆ ಅದುಮುವ ಜಾಗದಲ್ಲೇ ಗಾಳಿ ಹೀರಬೇಕು. ಕಟ್ಟಡ ಹಳೆಯದೋ ಹೊಸದೋ ಎಂಬುದು ಆಗ ಅಷ್ಟು ಮುಖ್ಯವಾಗುವುದಿಲ್ಲ.

ನಮ್ಮ ಕಟ್ಟಡದ ಪ್ರವೇಶದಲ್ಲಿ ಎಕ್ಸ್-ರೇ ಯಂತ್ರವಿದೆ. ಅದು ಸಾಲದೇ?

ತಂತಿ, ಬ್ಯಾಟರಿ, ಲೋಹದ ಕೊಳವೆ, ಚಾಕು ಇವನ್ನು ಕಾಣಲು ಅದು ಒಳ್ಳೆಯ ಸಾಧನ. ಎರಡು ಶಕ್ತಿಮಟ್ಟಗಳ ಕಿರಣ ಹಾಯಿಸುವ ಈ ಯಂತ್ರದ ಪರದೆಯಲ್ಲಿ ಲೋಹ ನೀಲಿಯಾಗಿ, ಸಾವಯವ ವಸ್ತು ಕಿತ್ತಳೆಯಾಗಿ, ನಡುವಿನವು ಹಸಿರಾಗಿ ಕಾಣುತ್ತವೆ. ತೊಂದರೆ ಇರುವುದೇ ಇಲ್ಲಿ: ಬೇಳೆ, ಸಾಬೂನು, ಪ್ಲಾಸ್ಟಿಕ್, ಬಹುತೇಕ ಸ್ಫೋಟಕಗಳು, ಎಲ್ಲವೂ ಕಿತ್ತಳೆಯ ಗುಂಪಿಗೇ ಸೇರುತ್ತವೆ. ಲಕೋಟೆಯೊಳಗೆ ತೆಳುವಾಗಿ ಹರಡಿದ ಒಂದೆರಡು ಗ್ರಾಂ ಪುಡಿಯಂತೂ ಕಣ್ಣಿಗೆ ಬೀಳುವುದೇ ಕಷ್ಟ.

2010ರ ಅಕ್ಟೋಬರ್ 29ರ ಘಟನೆಯನ್ನು ಟಪಾಲು ಕೋಣೆಯವರೂ ಪ್ರಿಂಟರ್ ನೋಡಿಕೊಳ್ಳುವವರೂ ಅರಿತಿರಬೇಕು. ಯೆಮನ್‌ನಿಂದ ಅಮೆರಿಕದ ಶಿಕಾಗೋ ನಗರಕ್ಕೆ ಎರಡು ಪಾರ್ಸೆಲ್‌ಗಳಲ್ಲಿ ಲೇಸರ್ ಪ್ರಿಂಟರ್‌ಗಳು ಹೊರಟಿದ್ದವು. ಅವುಗಳ ಟೋನರ್ ಕಾರ್ಟ್ರಿಜ್‌ಗಳಲ್ಲಿ ಪಿಇಟಿಎನ್ ಎಂಬ ಸ್ಫೋಟಕ ತುಂಬಿತ್ತು, ಒಂದೊಂದರಲ್ಲಿ ಸುಮಾರು 300ರಿಂದ 400 ಗ್ರಾಂ. ಸೌದಿ ಅರೇಬಿಯಾದ ಗುಪ್ತಚರರು ಸುಳಿವು ಕೊಟ್ಟ ಮೇಲೆ ಒಂದನ್ನು ದುಬೈಯಲ್ಲಿ, ಇನ್ನೊಂದನ್ನು ಇಂಗ್ಲೆಂಡಿನ ಈಸ್ಟ್ ಮಿಡ್‌ಲ್ಯಾಂಡ್ಸ್ ವಿಮಾನ ನಿಲ್ದಾಣದಲ್ಲಿ ತಡೆದರು. ಸುಳಿವು ಕೈಯಲ್ಲಿದ್ದರೂ ಇಂಗ್ಲೆಂಡಿನಲ್ಲಿ ಮೊದಲ ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ದುಬೈಯಲ್ಲಿ ಸಿಕ್ಕಿತೆಂದು ತಿಳಿದು ಮತ್ತೆ ಬಿಚ್ಚಿ ನೋಡಿದಾಗ ಬಯಲಾಯಿತು.

ಟೋನರ್ ಎಂದರೆ ಪ್ಲಾಸ್ಟಿಕ್ ರಾಳಕ್ಕೆ ಬಣ್ಣ ಸೇರಿಸಿದ ನುಣುಪಾದ ಪುಡಿ. ಪಿಇಟಿಎನ್ ಕೂಡ ಪುಡಿಯೇ, ಅದೂ ಸಾವಯವ. ಪುಡಿ ಇರಲೇಬೇಕಾದ ಜಾಗದಲ್ಲಿ ಪುಡಿಯಿದೆ, ಸರ್ಕ್ಯೂಟ್ ಇರಲೇಬೇಕಾದ ಪ್ರಿಂಟರಿನಲ್ಲಿ ಸರ್ಕ್ಯೂಟ್ ಇದೆ. ಪರದೆ ನೋಡುವವರಿಗೆ ಅನುಮಾನ ಹುಟ್ಟುವುದು ಹೇಗೆ? ಜೊತೆಗೆ ಪಿಇಟಿಎನ್ ಬಹಳ ಕಡಿಮೆ ಆವಿಯಾಗುವ ವಸ್ತು, ವಾಸನೆ ಹಿಡಿಯುವ ಸಾಧನಗಳಿಗೂ ಕಷ್ಟ. ಇದಾದ ಮೇಲೆ ಅಮೆರಿಕ 16 ಔನ್ಸ್, ಅಂದರೆ ಸುಮಾರು 453 ಗ್ರಾಂ ಮೀರಿದ ಟೋನರ್ ಕಾರ್ಟ್ರಿಜ್‌ಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ನಿಷೇಧಿಸಿತು.

ನಾವು ಮಾಡಬೇಕಾದದ್ದು ಇಷ್ಟು. ಯಾರೂ ಆರ್ಡರ್ ಮಾಡದ ಪ್ರಿಂಟರ್ ಅಥವಾ ಟೋನರ್ ಪೆಟ್ಟಿಗೆ ಬಂದರೆ ಅದನ್ನು ಖರೀದಿ ವಿಭಾಗದ ದಾಖಲೆಯೊಂದಿಗೆ ತಾಳೆ ನೋಡದೆ ತೆರೆಯಬಾರದು. ಈ ತಾಳೆಗೆ ಒಂದು ಫೋನ್ ಕರೆ ಸಾಕು.

ಬಟ್ಟೆಯ ತುಣುಕಿನಿಂದ ಒರೆಸಿ ಯಂತ್ರಕ್ಕೆ ಹಾಕುತ್ತಾರಲ್ಲ, ಅದೇನು?

ವಿಮಾನ ನಿಲ್ದಾಣದಲ್ಲಿ ಕಂಡಿರುತ್ತೀರಿ. ಸ್ಫೋಟಕ ಮುಟ್ಟಿದ ಕೈಯಿಂದ ಪೆಟ್ಟಿಗೆಯ ಮೇಲೆ ಅತ್ಯಲ್ಪ ಅಂಶವಾದರೂ ಉಳಿಯುತ್ತದೆ ಎಂಬುದು ಇದರ ಆಧಾರ. ಒರೆಸಿದ ತುಣುಕನ್ನು ಬಿಸಿಮಾಡಿ, ಎದ್ದ ಆವಿಗೆ ವಿದ್ಯುದಾವೇಶ ಕೊಟ್ಟು, ಗಾಳಿ ತುಂಬಿದ ಕೊಳವೆಯಲ್ಲಿ ಓಡಿಸುತ್ತಾರೆ. ಹಗುರ ಅಯಾನು, ಅಂದರೆ ಆವೇಶ ಪಡೆದ ಕಣ, ಬೇಗ ಮುಟ್ಟುತ್ತದೆ, ಭಾರದ್ದು ತಡವಾಗಿ. ಮಿಲಿಸೆಕೆಂಡುಗಳ ಈ ಅಂತರದಿಂದ ವಸ್ತು ಯಾವುದೆಂದು ಯಂತ್ರ ಗುರುತಿಸುತ್ತದೆ. ಆವೇಶ ಕೊಡಲು ಅನೇಕ ಯಂತ್ರಗಳಲ್ಲಿ ನಿಕಲ್-63 ಎಂಬ ವಿಕಿರಣಶೀಲ ಲೋಹದ ಅಲ್ಪ ಪ್ರಮಾಣ ಇರುತ್ತದೆ. ಆದ್ದರಿಂದ ಹಾಳಾದ ಯಂತ್ರವನ್ನು ಗುಜರಿಗೆ ಕೊಡಲೇಬಾರದು.

ಗ್ಲಿಸರಿನ್ ಇರುವ ಕೈಕ್ರೀಮ್ ಕೂಡ ಕೆಲವೊಮ್ಮೆ ಎಚ್ಚರಿಕೆ ಮೊಳಗಿಸುತ್ತದೆ. ಅಂಥ ಸುಳ್ಳು ಎಚ್ಚರಿಕೆ ಬಂತೆಂದು ಯಂತ್ರವನ್ನು ಬೈಯದಿರಿ, ಎರಡನೆಯ ಪರೀಕ್ಷೆ ಇರುವುದು ಅದಕ್ಕಾಗಿಯೇ. ತರಬೇತಾದ ನಾಯಿಯ ಮೂಗಿಗೆ ಇಂದಿಗೂ ಪೂರ್ತಿ ಬದಲಿ ಬಂದಿಲ್ಲ. ಅದಕ್ಕೂ ದಣಿವಿದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಬಂದ ಟಪಾಲಿಗೆಲ್ಲ ವಿಕಿರಣ ಹಾಯಿಸಿ ರೋಗಾಣು ಕೊಂದರೆ ಮುಗಿಯಿತಲ್ಲವೇ?

ವಾಷಿಂಗ್ಟನ್‌ನ ಸರ್ಕಾರಿ ಟಪಾಲಿಗೆ 2001ರಿಂದ ಹಾಗೆಯೇ ಮಾಡುತ್ತಿದ್ದಾರೆ, ಎಲೆಕ್ಟ್ರಾನ್ ಕಿರಣದಿಂದ. ರೋಗಾಣು ಸಾಯುತ್ತದೆ, ಬೆಲೆ ತೆರುವುದು ಕಾಗದ. ಹಳದಿಯಾಗುತ್ತದೆ, ಸುಲಭವಾಗಿ ಮುರಿಯುತ್ತದೆ, ಪ್ಲಾಸ್ಟಿಕ್ ಕಿಟಕಿಯ ಲಕೋಟೆ ಕರಗಿ ಅಂಟಿಕೊಳ್ಳುತ್ತದೆ, ಛಾಯಾಚಿತ್ರದ ಫಿಲ್ಮ್ ಹಾಳಾಗುತ್ತದೆ. ಸ್ಫೋಟಕದ ಮೇಲಾಗಲಿ ರಾಸಾಯನಿಕ ವಿಷದ ಮೇಲಾಗಲಿ ಇದನ್ನು ರಕ್ಷಣೆಯೆಂದು ನಂಬುವಂತಿಲ್ಲ.

ವಿಕಿರಣದಿಂದ ಸೂಕ್ಷ್ಮಾಣು ಕೊಲ್ಲುವ ಕೆಲಸ ಮುಂಬಯಿಗೆ ಹೊಸದಲ್ಲ. ತ್ರೋಂಬೆಯ ಐಸೊಮೆಡ್ ಘಟಕದಲ್ಲಿ 1974ರಿಂದ ವೈದ್ಯಕೀಯ ಸಾಮಗ್ರಿಗಳನ್ನು ಕೋಬಾಲ್ಟ್-60ರ ಗಾಮಾ ಕಿರಣದಿಂದ ಶುದ್ಧೀಕರಿಸುತ್ತಿದ್ದಾರೆ. ವಾಶಿಯಲ್ಲಿ ಮಸಾಲೆ ಪದಾರ್ಥಗಳಿಗಾಗಿ 2000ದಲ್ಲಿ ಇನ್ನೊಂದು ಘಟಕ ಶುರುವಾಯಿತು.

ಊರಿನ ದೇವಸ್ಥಾನದಿಂದ ಬರುವ ಪ್ರಸಾದದ ಲಕೋಟೆಯಲ್ಲಿ ವಿಭೂತಿ ಸೋರಿರುತ್ತದೆ. ಅದಕ್ಕೂ ಪೊಲೀಸರನ್ನು ಕರೆಯಬೇಕೇ?

ನಮ್ಮವರ ವಿಳಾಸಕ್ಕೆ ಬರುವ ಟಪಾಲಿನಲ್ಲಿ ಇದು ನಿಜವಾಗಿಯೂ ಆಗಾಗ ಎದುರಾಗುವ ಸಂದರ್ಭ. ಪುಡಿಯನ್ನು ಕಣ್ಣಿನಿಂದ ನೋಡಿ ಇಂಥದೇ ಎಂದು ಹೇಳಲು ಯಾರಿಗೂ ಆಗದು, ಮೂಸಿ ನೋಡುವುದಂತೂ ಅಪಾಯ. ನಾವು ನೋಡಬೇಕಾದದ್ದು ಲಕೋಟೆಯನ್ನು. ಕಳುಹಿಸಿದ ದೇವಸ್ಥಾನದ ಮುದ್ರೆ, ಊರಿನ ಅಂಚೆ ಮೊಹರು, ಪಡೆಯುವವರ ನಿರೀಕ್ಷೆ, ಈ ಮೂರೂ ಹೊಂದಿದರೆ ಹೆದರಬೇಕಿಲ್ಲ. ಪಡೆಯುವವರನ್ನು ಕೇಳಿ, ಸೇವೆ ಮಾಡಿಸಿದ್ದು ಹೌದು ಎಂದರೆ ಅವರ ಕೈಗೆ ಕೊಡಿ. ನನ್ನದೊಂದು ಕೋರಿಕೆ: ಪ್ರಸಾದ ತರಿಸುವವರು ಕಚೇರಿಯ ಬದಲು ಮನೆಯ ವಿಳಾಸ ಕೊಡಲಿ, ಕಳುಹಿಸುವವರು ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕಳುಹಿಸಲಿ.

ಕಳುಹಿಸಿದವರ ವಿಳಾಸವಿಲ್ಲ, ಅಗತ್ಯಕ್ಕಿಂತ ಹೆಚ್ಚು ಅಂಚೆಚೀಟಿ ಅಂಟಿಸಿದೆ, ಹೆಸರಿಲ್ಲದೆ ಹುದ್ದೆ ಮಾತ್ರ ಬರೆದಿದೆ, ಎಣ್ಣೆಯ ಕಲೆಯಿದೆ, ಒಂದು ಬದಿ ಮಾತ್ರ ಭಾರವಿದೆ, ಬೆದರಿಕೆಯ ಮಾತಿದೆ ಎಂದಾದರೆ ಬೇರೆ ವಿಷಯ. ಪುಡಿ ಚೆಲ್ಲಿದ್ದರೆ ಲಕೋಟೆಯನ್ನು ಅಲುಗಾಡಿಸದೆ ಕೆಳಗಿಟ್ಟು, ಹತ್ತಿರ ಸಿಕ್ಕ ಯಾವುದರಿಂದಾದರೂ ಮೆಲ್ಲಗೆ ಮುಚ್ಚಿ. ಫ್ಯಾನು, ಹವಾನಿಯಂತ್ರಕ ಆರಿಸಿ. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ, ಕೈಯನ್ನು ಸಾಬೂನಿನಿಂದ ತೊಳೆಯಿರಿ. ಕೋಣೆಯಲ್ಲಿ ಯಾರ್‍ಯಾರಿದ್ದರು ಎಂದು ಬರೆದಿಡಿ, 112ಕ್ಕೆ ಕರೆ ಮಾಡಿ. ತಂತಿ ಅಥವಾ ಟಿಕ್ ಟಿಕ್ ಸದ್ದಿನ ಪಾರ್ಸೆಲ್ ಆದರೆ ಮುಟ್ಟಲೇಬೇಡಿ, ಮುಚ್ಚಲೂಬೇಡಿ, ನೀರಿನಲ್ಲಿ ಹಾಕಬೇಡಿ. ದೂರ ಹೋದ ಮೇಲೆ ಫೋನ್ ಮಾಡಿ. ಅಲ್ಲಿಂದ ಮುಂದಿನದು ಪೊಲೀಸರ ಬಾಂಬ್ ನಿಷ್ಕ್ರಿಯ ದಳದ ಕೆಲಸ. ಜೈವಿಕ, ರಾಸಾಯನಿಕ ಅಪಾಯಗಳಿಗೆ ತರಬೇತಿ ಪಡೆದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 5ನೇ ಬೆಟಾಲಿಯನ್ ಪುಣೆಯ ಬಳಿಯೇ ಇದೆ.

ಮಳೆಗಾಲದಲ್ಲಿ ಪಾರ್ಸೆಲ್‌ಗಳೆಲ್ಲ ಒದ್ದೆ, ಕಲೆ. ಅನುಮಾನಿಸುವುದು ಹೇಗೆ?

ಮಳೆ ನೀರು ಹೊರಗಿನಿಂದ ಒಳಗೆ ಇಳಿಯುತ್ತದೆ, ಆ ದಿನ ಬಂದ ಎಲ್ಲ ಪಾರ್ಸೆಲ್‌ಗಳ ಮೇಲೂ ಕಾಣುತ್ತದೆ. ಒಂದರ ಮೇಲೆ ಮಾತ್ರ, ಒಳಗಿನಿಂದ ಹರಡಿದ ಕಲೆ ಇದ್ದರೆ, ಘಾಟು ವಾಸನೆ ತಾನಾಗಿ ಬರುತ್ತಿದ್ದರೆ ಪಕ್ಕಕ್ಕೆ ಸರಿಯಿರಿ.

ಕೊರಿಯರ್ ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಿದರೆ ಗಿರಾಕಿಗಳು ಜಗಳವಾಡುತ್ತಾರೆ. ಬಿಟ್ಟುಬಿಡಬಹುದೇ?

ದಯವಿಟ್ಟು ಬಿಡಬೇಡಿ. 2018ರ ಫೆಬ್ರವರಿಯಲ್ಲಿ ಒಡಿಶಾದ ಪಟ್ನಾಗಢದಲ್ಲಿ ಹೊಸದಾಗಿ ಮದುವೆಯಾದ ಮನೆಗೆ ಉಡುಗೊರೆಯ ರೂಪದಲ್ಲಿ ಬಂದ ಪಾರ್ಸೆಲ್ ಸಿಡಿದು ಮದುಮಗನೂ ಅವನ ಅಜ್ಜಿಯ ಸ್ಥಾನದಲ್ಲಿದ್ದ ವೃದ್ಧೆಯೂ ಸತ್ತರು, ಮದುಮಗಳು ಗಾಯಗೊಂಡಳು. ಅದು ಛತ್ತೀಸಗಢದ ರಾಯಪುರದಿಂದ ಸುಳ್ಳು ಹೆಸರಿನಲ್ಲಿ ಕೊರಿಯರ್ ಮೂಲಕ ಬಂದಿತ್ತು. ತನಿಖೆಯ ದಿಕ್ಕು ತಿರುಗಿಸಿದ್ದು ಪೊಲೀಸರಿಗೆ ಬಂದ ಹೆಸರಿಲ್ಲದ ಒಂದು ಪತ್ರ. ಅಪರಾಧಿಗೆ 2025ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ವಿಮಾನದಲ್ಲಿ ಹೋಗುವ ಸರಕಿಗೆ ಕಡ್ಡಾಯ ತಪಾಸಣೆ ಇದೆ. ರಸ್ತೆಯ ಮೇಲೆ ಹೋಗುವ ಪೆಟ್ಟಿಗೆಯನ್ನು ಮೊದಲು ನೋಡುವವರು, ಹಲವು ಬಾರಿ ಕೊನೆಗೆ ನೋಡುವವರು ಕೂಡ, ಕೌಂಟರಿನಲ್ಲಿ ಕೂತ ನೀವೇ.

“ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಮುಂಬಯಿ ಪೊಲೀಸರು ಮಾತನಾಡುತ್ತಾರೆ” ಎಂದು ಊರಿನಲ್ಲಿರುವ ಅಪ್ಪನಿಗೆ ಫೋನ್ ಬಂದಿದೆ. ಏನು ಮಾಡಲಿ?

ಮೋಸ. ಫೋನ್ ಇಡಲು ಹೇಳಿ, ಹಣ ಕಳುಹಿಸಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಪೊಲೀಸರು ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ.

ಈಗ ಮುದ್ರಣದ ವಿಷಯ. ಪ್ರಿಂಟರ್ ತನ್ನ ಸ್ಥಿತಿಯನ್ನು ತಾನೇ ಹೇಗೆ ತಿಳಿಯುತ್ತದೆ?

ಸಾಧಾರಣ ಲೇಸರ್ ಪ್ರಿಂಟರಿನೊಳಗೂ ಹಲವು ಕಾವಲು ಕಣ್ಣುಗಳಿವೆ. ಕಾಗದದ ದಾರಿಯಲ್ಲಿ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಿವೆ. ಕಾಗದ ತಾಗಿದಾಗ ಕಡ್ಡಿ ವಾಲಿ ಬೆಳಕಿನ ಕಿರಣವನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ನಿಗದಿತ ಸಮಯದಲ್ಲಿ ಮುಂದಿನ ಕಡ್ಡಿ ವಾಲದಿದ್ದರೆ ಯಂತ್ರ ಕಾಗದ ಸಿಕ್ಕಿಕೊಂಡಿದೆ ಎನ್ನುತ್ತದೆ. ಬಹಳಷ್ಟು ಸಲ ಕಾಗದ ಸಿಕ್ಕಿಯೇ ಇರುವುದಿಲ್ಲ, ಮುರಿದದ್ದು ಆ ಕಡ್ಡಿ. ಟೋನರನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅದರ ಶಾಖ ಅಳೆಯಲು ಒಂದು ಥರ್ಮಿಸ್ಟರ್, ಅದು ಕೈಕೊಟ್ಟರೆ ವಿದ್ಯುತ್ ಕಡಿಯಲು ಒಂದು ಥರ್ಮಲ್ ಫ್ಯೂಸ್ ಇರುತ್ತವೆ. ಆ ಫ್ಯೂಸ್ ಹೋದಾಗ ತಂತಿ ಸುತ್ತಿ ನೇರ ಜೋಡಿಸುವ ದುರಸ್ತಿಗಾರರಿದ್ದಾರೆ. ಅದನ್ನು ಒಪ್ಪಬೇಡಿ. ಕಾಗದ ತುಂಬಿದ ಕೋಣೆಯಲ್ಲಿ ಬೆಂಕಿಗೆ ಅಡ್ಡ ನಿಂತಿರುವುದು ಅದೊಂದೇ.

ಜಾಲಕ್ಕೆ ಜೋಡಿಸಿದ ಪ್ರಿಂಟರ್‌ಗಳ ಟೋನರ್ ಮಟ್ಟ, ಪುಟಗಳ ಎಣಿಕೆ, ದೋಷಗಳನ್ನು ದೂರದಿಂದ ಓದಲು 1995ರಲ್ಲೇ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾಗುವ ಮಾನಕವೊಂದು ಪ್ರಕಟವಾಯಿತು. ಇಂದು ಗುತ್ತಿಗೆ ಕಂಪನಿಯವರು ನೀವು ಹೇಳುವ ಮೊದಲೇ ಟೋನರ್ ಕಳುಹಿಸುವುದು ಇಂಥ ವ್ಯವಸ್ಥೆಯಿಂದ. ಹೀಗೆ ತಾನಾಗಿ ಬರುವ ಪೆಟ್ಟಿಗೆಗಳ ಪಟ್ಟಿ ಟಪಾಲು ಕೋಣೆಗೂ ಮೊದಲೇ ತಲುಪಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಇಲ್ಲದಿದ್ದರೆ ಯಾರೂ ಆರ್ಡರ್ ಮಾಡದ ಪೆಟ್ಟಿಗೆಯನ್ನು ಗುರುತಿಸುವುದಾದರೂ ಹೇಗೆ?

ಜುಲೈ, ಆಗಸ್ಟ್‌ನಲ್ಲಿ ಮುಂಬಯಿಯ ತೇವಾಂಶ ಶೇಕಡಾ 80 ದಾಟಿದಾಗ ಕಾಗದ ತೇವ ಕುಡಿದು ಸುರುಳಿಯಾಗುತ್ತದೆ. ಆಗ ಯಂತ್ರ ದಿನವಿಡೀ ದೂರುತ್ತದೆ. ಮೆಕ್ಯಾನಿಕ್ ಕರೆಯುವ ಮೊದಲು ಹೊಸ ರೀಮ್ ಬಿಚ್ಚಿ ನೋಡಿ.

ಚೆಲ್ಲಿದ ಟೋನರನ್ನು ಬ್ಲೋವರ್‌ನಿಂದ ಊದಿ ತೆಗೆಯುತ್ತೇವೆ. ತೊಂದರೆಯಿದೆಯೇ?

ಇದೆ, ಮತ್ತು ಈ ಅಭ್ಯಾಸ ನಿಲ್ಲಲೇಬೇಕು. ಬ್ರೆಂಟ್‌ವುಡ್‌ನಲ್ಲಿ ಗಾಳಿ ಊದಿದ್ದರ ಪರಿಣಾಮವನ್ನು ಮೇಲೆ ಓದಿದ್ದೀರಿ. ಟೋನರ್ ವಿಷವಲ್ಲದಿದ್ದರೂ ಅದರ ಕಣ 5ರಿಂದ 10 ಮೈಕ್ರಾನ್‌ನಷ್ಟು ಸಣ್ಣದು, ಗಾಳಿಯಲ್ಲಿ ತೇಲುತ್ತದೆ, ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಕಿಟಕಿಯಿಲ್ಲದ ಝೆರಾಕ್ಸ್ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವ ಹುಡುಗನ ಶ್ವಾಸಕೋಶದ ಬಗ್ಗೆ ಯೋಚಿಸಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ನುಣುಪು ಪುಡಿ ಅದರ ಫಿಲ್ಟರ್ ದಾಟಿ ಹೊರಬರುತ್ತದೆ, ಸ್ಥಿರ ವಿದ್ಯುತ್ತಿನ ಕಿಡಿಗೆ ಹತ್ತಿಕೊಳ್ಳಲೂಬಹುದು. ಒಣ ಬಟ್ಟೆಯಿಂದ, ಆಮೇಲೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಿಸಿನೀರು ಬಳಸಿದರೆ ಟೋನರ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ದೊಡ್ಡ ಅಂಗಡಿಯವರು ಟೋನರಿಗೆಂದೇ ಮಾಡಿದ, ಹೆಪಾ ಫಿಲ್ಟರ್ ಇರುವ ಹೀರುಯಂತ್ರ ಕೊಳ್ಳಬೇಕು. 0.3 ಮೈಕ್ರಾನ್ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಆ ಫಿಲ್ಟರ್ ತಡೆಯುತ್ತದೆ.

ದೊಡ್ಡ ಛಾಪಖಾನೆಗಳಲ್ಲಿ ಏನೇನನ್ನು ಗಮನಿಸುತ್ತಾರೆ?

ಪತ್ರಿಕೆ ಮುದ್ರಿಸುವ ಯಂತ್ರ ಗಂಟೆಗೆ 70,000ಕ್ಕೂ ಹೆಚ್ಚು ಪ್ರತಿ ಕೊಡಬಲ್ಲದು. ಕಾಗದದ ಪಟ್ಟಿ ಸೆಕೆಂಡಿಗೆ ಹತ್ತು ಮೀಟರಿಗೂ ಮೀರಿ ಓಡುತ್ತದೆ. ಆ ವೇಗದಲ್ಲಿ ಕಾಗದ ಹರಿದರೆ ಕ್ಷಣದಲ್ಲಿ ಸಿಲಿಂಡರಿಗೆ ಸುತ್ತಿಕೊಂಡು ಗಟ್ಟಿಯಾಗಿ, ಯಂತ್ರವನ್ನೇ ಮುರಿಯುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಬೆಳಕಿನ ಸೆನ್ಸರ್‌ಗಳು ಕಾಗದ ಇದೆಯೇ ಎಂದು ನೋಡುತ್ತಲೇ ಇರುತ್ತವೆ. ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿವೆಯೇ ಎಂದು ನೋಡಲು ಅಂಚಿನಲ್ಲಿ ಮುದ್ರಿಸಿದ ಗುರುತುಗಳನ್ನು ಕ್ಯಾಮೆರಾ ಓದುತ್ತದೆ. ಹಾಳೆ ಯಂತ್ರಗಳಲ್ಲಿ ಎರಡು ಹಾಳೆ ಒಟ್ಟಿಗೆ ಹೋದರೆ ಹಿಡಿಯಲು ಕಿವಿಗೆ ಕೇಳಿಸದ ಶ್ರವಣಾತೀತ ತರಂಗ ಬಳಸುತ್ತಾರೆ. ನಡುವೆ ಗಾಳಿಯ ಪದರ ಬಂದಾಗ ತರಂಗ ಬಹಳ ಕುಗ್ಗುತ್ತದೆ. ಬಣ್ಣದ ಸಾಂದ್ರತೆಗೆ ಡೆನ್ಸಿಟೋಮೀಟರ್ ಇದೆ. ಅನುಭವಿ ಮುದ್ರಕ ಯಂತ್ರದ ಸದ್ದಿನ ವ್ಯತ್ಯಾಸದಿಂದಲೇ ಬೇರಿಂಗ್ ಹೋಗುತ್ತಿದೆ ಎನ್ನುತ್ತಾನೆ. ಕಂಪನ ಅಳೆಯುವ ಸೆನ್ಸರ್ ಈಗ ಆ ಕಿವಿಗೆ ಜೊತೆಯಾಗಿದೆ.

ಬಣ್ಣದ ಪ್ರಿಂಟರ್‌ಗಳು ಗುಟ್ಟಾಗಿ ಗುರುತು ಬಿಡುತ್ತವೆ ಎನ್ನುವುದು ನಿಜವೇ?

ಅನೇಕ ಬಣ್ಣದ ಲೇಸರ್ ಪ್ರಿಂಟರ್‌ಗಳ ಮಟ್ಟಿಗೆ ನಿಜ. ಸುಮಾರು 0.1 ಮಿಲಿಮೀಟರಿನ ಹಳದಿ ಚುಕ್ಕೆಗಳ ಜಾಲವನ್ನು ಅವು ಪ್ರತಿ ಪುಟದ ಮೇಲೂ ಹರಡುತ್ತವೆ. ಬಿಳಿ ಕಾಗದದ ಮೇಲೆ ಹಳದಿ ಕಣ್ಣಿಗೆ ಕಾಣದು. ನೀಲಿ ಬೆಳಕಿನಲ್ಲಿ, ಭೂತಗನ್ನಡಿಯಡಿ ಕಾಣುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2005ರಲ್ಲಿ ಝೆರಾಕ್ಸ್ ಕಂಪನಿಯ ಡಾಕ್ಯುಕಲರ್ ಯಂತ್ರದ ಚುಕ್ಕೆಗಳನ್ನು ಬಿಡಿಸಿ ಓದಿತು: ಮುದ್ರಿಸಿದ ದಿನ, ಸಮಯ, ಯಂತ್ರದ ಕ್ರಮಸಂಖ್ಯೆ ಎಲ್ಲವೂ ಅಲ್ಲಿದ್ದವು. ಖೋಟಾ ನೋಟು ತಡೆಯಲು ಹುಟ್ಟಿದ ಉಪಾಯವಿದು. ಬೆದರಿಕೆ ಪತ್ರದ ಮೂಲ ಹುಡುಕಲು ಉಪಕಾರಿ ಎಂಬುದನ್ನು ಒಪ್ಪುತ್ತೇನೆ. ಆದರೂ ಯಂತ್ರ ಕೊಂಡವರಿಗೆ ಹೇಳದೆ ಹೀಗೆ ಮಾಡುವುದು ಸರಿಯಲ್ಲ ಎಂದೇ ನನ್ನ ನಿಲುವು.

ಇನ್ನೊಂದು ಏರ್ಪಾಡು ಬಹಿರಂಗವಾಗಿಯೇ ಇದೆ. ಅನೇಕ ದೇಶಗಳ ನೋಟುಗಳ ವಿನ್ಯಾಸದಲ್ಲಿ ಐದು ಪುಟ್ಟ ಉಂಗುರಗಳ ಒಂದು ನಿರ್ದಿಷ್ಟ ಜೋಡಣೆ ಇರುತ್ತದೆ. ಅದನ್ನು ಕಂಡ ಬಣ್ಣದ ಕಾಪಿ ಯಂತ್ರ ಪ್ರತಿ ತೆಗೆಯಲು ನಿರಾಕರಿಸುತ್ತದೆ. ಗಿರಾಕಿ ತಮಾಷೆಗೆಂದು ನೋಟು ತಂದರೂ ಕಾಪಿ ಮಾಡಿಕೊಡಬೇಡಿ, ಅಪರಾಧಕ್ಕೆ ತಮಾಷೆಯ ವಿನಾಯಿತಿ ಇಲ್ಲ.

ಹಳೆಯ ಮುದ್ರಣ ಯಂತ್ರ ಮಾರುವಾಗ ಏನು ಎಚ್ಚರ ಬೇಕು?

ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಈ ನಗರದಲ್ಲೇ ಬೆಳೆದದ್ದು. ನಾಸಿಕದ ಸರ್ಕಾರಿ ಭದ್ರತಾ ಮುದ್ರಣಾಲಯ ಕೈಬಿಟ್ಟ ಯಂತ್ರಗಳು ಅವನ ಕೈ ಸೇರಿದ್ದವು. ಹಳೆಯದೆಂದು ಹೊರಹಾಕಿದ ಯಂತ್ರವೂ ಮುದ್ರಿಸಬಲ್ಲದು. ಅದನ್ನು ಕೆಲಸಕ್ಕೆ ಬಾರದಂತೆ ಕಳಚಿ, ಯಾರಿಗೆ ಹೋಯಿತೆಂದು ಬರೆದಿಡದಿದ್ದರೆ ಎಷ್ಟು ದೊಡ್ಡ ಅನಾಹುತವಾಗಬಹುದು ಎಂದು ದೇಶ ಕಂಡಿತು. 2007ರಲ್ಲಿ ಅವನಿಗೆ 30 ವರ್ಷಗಳ ಕಠಿಣ ಸೆರೆವಾಸ ವಿಧಿಸಲಾಯಿತು. ಆ ಹಗರಣದ ನಂತರ ಛಾಪಾ ಕಾಗದದ ಜಾಗವನ್ನು ಫ್ರ್ಯಾಂಕಿಂಗ್ ಮತ್ತು ಇ-ಸ್ಟಾಂಪಿಂಗ್ ಆಕ್ರಮಿಸುತ್ತ ಬಂದವು.

ಕಚೇರಿಯ ಮಟ್ಟದಲ್ಲಿ: ದೊಡ್ಡ ಡಿಜಿಟಲ್ ಕಾಪಿ ಯಂತ್ರಗಳೊಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಕಾಪಿ ಮಾಡಿದ ಆಧಾರ್, ಪಾಸ್‌ಪೋರ್ಟ್‌ಗಳ ಚಿತ್ರ ಅದರಲ್ಲಿ ಉಳಿದಿರಬಹುದು. ಮಾರುವ ಮೊದಲು ಅಳಿಸಿ, ಇಲ್ಲವೇ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಚುನಾವಣಾ ಕರಪತ್ರ ಮುದ್ರಿಸುವವರು ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಹಾಕಲೇಬೇಕು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಅದನ್ನು ಕಡ್ಡಾಯ ಮಾಡಿದೆ.

ಹದಿನೈದು ಜನರ ಕಚೇರಿ ನಮ್ಮದು. ಯಾವ ಪತ್ತೆ ಯಂತ್ರ ಕೊಳ್ಳಲಿ?

ಯಾವುದೂ ಬೇಡ. ಟಪಾಲು ತೆರೆಯಲು ಬೇರೆಯೇ ಒಂದು ಮೇಜು ಕೊಡಿ, ಅದು ಹವಾನಿಯಂತ್ರಕದ ಗಾಳಿ ಇಡೀ ಕಚೇರಿಗೆ ಹೋಗುವ ಬಾಯಿಯ ಬಳಿ ಇರದಿರಲಿ. ಲಕೋಟೆಯನ್ನು ಊದಿ ತೆರೆಯುವ ಅಭ್ಯಾಸ ಬಿಡಿಸಿ, ಚಾಕು ಕೊಡಿ. ಕೈಗವಸು, ಸಾಬೂನು, ಹತ್ತಿರದಲ್ಲೇ ನೀರು ಇರಲಿ. ಫ್ಯಾನಿನ ಸ್ವಿಚ್ ಬಾಗಿಲ ಬಳಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಜವಾನ ಒಂದು ಲಕೋಟೆಯ ಮೇಲೆ ಅನುಮಾನ ಪಟ್ಟು ಕೆಲಸ ನಿಲ್ಲಿಸಿದಾಗ, ಒಳಗೆ ಮದುವೆಯ ಕರೆಯೋಲೆಯೇ ಇದ್ದರೂ, ಅವನನ್ನು ಯಾರೂ ನಗೆಪಾಟಲು ಮಾಡಬಾರದು. ಒಮ್ಮೆ ನಕ್ಕರೆ ಮುಂದಿನ ಸಲ ಅವನು ಬಾಯಿ ತೆರೆಯುವುದಿಲ್ಲ.

ಖಾಲಿ ಟೋನರ್ ಕಾರ್ಟ್ರಿಜ್‌ಗಳನ್ನು ಮರುಭರ್ತಿಗೆ ಪಾರ್ಸೆಲ್ ಮಾಡಬಹುದೇ?

ಮಾಡಬಹುದು. ಬಾಯಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಪೆಟ್ಟಿಗೆಯ ಮೇಲೆ ಒಳಗಿರುವುದು ಖಾಲಿ ಕಾರ್ಟ್ರಿಜ್ ಎಂದು ಕನ್ನಡವೋ ಮರಾಠಿಯೋ ಇಂಗ್ಲಿಷೋ, ತಲುಪುವ ಕಡೆ ಓದಬಲ್ಲ ಭಾಷೆಯಲ್ಲಿ ಬರೆಯಿರಿ. ನಿಮ್ಮ ಪೂರ್ಣ ವಿಳಾಸ, ಫೋನ್ ಸಂಖ್ಯೆ ಹಾಕಿ. ಪಡೆಯುವವರಿಗೆ ಮೊದಲೇ ತಿಳಿಸಿ. ಮರುಭರ್ತಿ ಮಾಡಲಾಗದವನ್ನು ಕಸದ ಬುಟ್ಟಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ.